ಸಂಪೂರ್ಣ ಬರುತ್ತದೆ, ಸ್ಲೈಡ್ ಬರುವುದಿಲ್ಲ: ಕುಂಬಳೆ ಕಡೆಯ ಒಂದು ಕನ್ನಡ ಶಾಲೆಯ ಪ್ರಕರಣ

ಕಾಸರಗೋಡು ಜಿಲ್ಲೆಯ ಕುಂಬಳೆ ಉಪಜಿಲ್ಲೆಯಲ್ಲಿ ಒಂದು ಸರಕಾರಿ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆ. ಹೆಸರು ಬೇಡ, ಅಂಥ ಶಾಲೆಗಳು ಆ ಕಡೆ ಬೇರೆಯೂ ಇವೆ. ಒಂದರಿಂದ ಏಳರವರೆಗೆ ಕನ್ನಡ ಮಾಧ್ಯಮ. ಅಧ್ಯಾಪಕರು ಒಂಬತ್ತು ಮಂದಿ. ಲ್ಯಾಪ್‌ಟಾಪ್ ಇವೆ, ಎರಡು ಪ್ರೊಜೆಕ್ಟರ್ ಇವೆ, ಇಂಟರ್ನೆಟ್ ಉಂಟು. ಮೇ ತಿಂಗಳ ರಜೆಯ ತರಬೇತಿ ತಪ್ಪಿಸಿದವರು ಒಬ್ಬರೂ ಇಲ್ಲ. ಆದರೂ ಪ್ರೊಜೆಕ್ಟರ್ ಕಪಾಟಿನಿಂದ ಹೊರಗೆ ಬರುತ್ತಿದ್ದದ್ದು ಸ್ವಾತಂತ್ರ್ಯ ದಿನಕ್ಕೆ, ಪಿ.ಟಿ.ಎ. (ಪೋಷಕ-ಅಧ್ಯಾಪಕ ಸಂಘ) ಮಹಾಸಭೆಗೆ, ಮತ್ತೆ ಒಬ್ಬರೇ ಎರಡು ಕ್ಲಾಸು ನೋಡಿಕೊಳ್ಳಬೇಕಾದ ದಿನ ಮಕ್ಕಳಿಗೆ ಕಾರ್ಟೂನ್ ಹಾಕುವುದಕ್ಕೆ. ಪಾಠಕ್ಕೆ ಮಾತ್ರ ಬರುತ್ತಿರಲಿಲ್ಲ.

ಹೊಸದಾಗಿ ಬಂದ ಮುಖ್ಯೋಪಾಧ್ಯಾಯರಿಗೆ, ಅಂದರೆ ಎಚ್.ಎಂ.ಗೆ, ಇದು ಸರಿ ಕಾಣಲಿಲ್ಲ. ನಾನು ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು, ಜೊತೆಗೆ ಐಟಿ ಜವಾಬ್ದಾರಿಯನ್ನೂ ಹೊತ್ತು ನಿವೃತ್ತನಾದವನು. "ಮಾಸ್ಟ್ರೇ, ನಮ್ಮವರಿಗೆ ಕಂಪ್ಯೂಟರ್ ಬರುದಿಲ್ಲ. ನೀವು ಸ್ವಲ್ಪ ಬಂದು ಕಲಿಸಿಕೊಡಬೇಕಿತ್ತಲ್ಲ" ಎಂದು ಫೋನ್ ಮಾಡಿದರು. ಹಾಗೆ ಒಂದು ಶಾಲಾವರ್ಷ ಅಲ್ಲಿಗೆ ಹೋಗಿ ಬಂದು ಇದ್ದೆ. ಅಲ್ಲಿ ಏನು ಕಂಡಿತು, ಯಾವುದು ಹಿಡಿಯಿತು, ಯಾವುದು ಹಿಡಿಯಲಿಲ್ಲ ಎಂಬುದು ಈ ಬರಹ.

ಬರುವುದಿಲ್ಲವಾ?

ಮೊದಲ ವಾರ ನಾನು ಏನನ್ನೂ ಕಲಿಸಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ನೋಡುತ್ತಾ ಇದ್ದೆ, ಅಷ್ಟೇ. ಒಬ್ಬರು ಟೀಚರ್ 'ಸಂಪೂರ್ಣ' ಎಂಬ ಸರಕಾರಿ ಪೋರ್ಟಲ್‌ನಲ್ಲಿ ಮಕ್ಕಳ ವಿವರ ತಿದ್ದುತ್ತಿದ್ದರು. ಇನ್ನೊಬ್ಬರು ಮಧ್ಯಾಹ್ನದ ಊಟದ ಲೆಕ್ಕ ಹಾಕುತ್ತಿದ್ದರು. ಸಂಬಳ, ರಜೆ ಎಲ್ಲ 'ಸ್ಪಾರ್ಕ್' ಎಂಬ ಇನ್ನೊಂದು ಪೋರ್ಟಲ್‌ನಲ್ಲಿ. ಯುಡೈಸ್ ಎಂಬ ಶಾಲಾ ಅಂಕಿಅಂಶದ ದಾಖಲೆಯೂ ಆನ್‌ಲೈನ್. ನಾಲ್ಕನೇ ಕ್ಲಾಸಿನ ಟೀಚರ್, "ನನಗೆ ಇದೆಲ್ಲ ತಲೆಗೆ ಹತ್ತುದಿಲ್ಲ ಮಾಸ್ಟ್ರೇ" ಎಂದು ಹೇಳುತ್ತಲೇ ಇಡೀ ಕ್ಲಾಸಿನ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿ ಮುಗಿಸಿದರು. ಮಧ್ಯೆ ಒಂದು ಕರೆಂಟ್ ಬಿಲ್ ಕಟ್ಟಿದರು, ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಎರಡು ಧ್ವನಿ ಸಂದೇಶ ಬಿಟ್ಟರು.

ಇಷ್ಟೆಲ್ಲ ಮಾಡುವವರಿಗೆ ಕಂಪ್ಯೂಟರ್ ಬರುವುದಿಲ್ಲ ಎನ್ನುವುದು ಹೇಗೆ? ಗುಮಾಸ್ತರ ಕೆಲಸಕ್ಕೆ ಬೇಕಾದಷ್ಟು ಅವರಿಗೆ ಚೆನ್ನಾಗಿಯೇ ಬರುತ್ತದೆ. ಅಧ್ಯಾಪಕರ ಕೆಲಸಕ್ಕೆ ಬಂದಾಗ ಕೈ ನಿಲ್ಲುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ಏನೆಂದು ಹುಡುಕಿದರೆ ಪ್ರಕರಣ ಅರ್ಧ ಬಿಡಿಸಿಕೊಂಡ ಹಾಗೆ ಎಂದು ನನಗೆ ಅನಿಸಿತು.

ಕೇಳಿದಾಗ ಕಾರಣ ತಾನಾಗಿ ಬಂತು. ಪೋರ್ಟಲ್ ಕೆಲಸಕ್ಕೆ ಕೊನೆಯ ದಿನಾಂಕ ಇರುತ್ತದೆ. ಸಿಕ್ಕಿಹಾಕಿಕೊಂಡರೆ ಎ.ಇ.ಒ. (ಉಪಜಿಲ್ಲಾ ಶಿಕ್ಷಣಾಧಿಕಾರಿ) ಕಚೇರಿಗೋ ಪಕ್ಕದ ಶಾಲೆಗೋ ಫೋನ್ ಮಾಡಬಹುದು, ಯಾಕೆಂದರೆ ಅದೇ ದಿನ ಅದೇ ಪುಟದಲ್ಲಿ ಎಲ್ಲರೂ ಸಿಕ್ಕಿಕೊಂಡಿರುತ್ತಾರೆ. ತುಂಬಿಸುವುದು ಹೆಚ್ಚಾಗಿ ಅಂಕಿ, ಇಂಗ್ಲಿಷ್ ಹೆಸರು. ಕ್ಲಾಸಿನಲ್ಲಿ ಹಾಗಲ್ಲ. ಕೇಳುವವರಿಲ್ಲ, ಹೇಳಿಕೊಡುವವರೂ ಇಲ್ಲ, ಮತ್ತೆ ಎಲ್ಲ ಕನ್ನಡದಲ್ಲಿ ಬೇಕು.

ಸಾಮಾನು ಬಂದ ದಾರಿ

ಕರ್ನಾಟಕದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಇಲ್ಲಿನ ಕನ್ನಡ ಶಾಲೆಗಳಲ್ಲಿ ಪಠ್ಯಕ್ರಮ ಕೇರಳದ್ದು, ಪುಸ್ತಕ ಮಾತ್ರ ಕನ್ನಡದಲ್ಲಿ. ಮನೆಯಲ್ಲಿ ಮಕ್ಕಳು ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಂತದೂ ಮಾತಾಡಬಹುದು.

ಶಾಲೆಗೆ ಕಂಪ್ಯೂಟರ್ ತರುವ ವಿಷಯದಲ್ಲಿ ಕೇರಳ ಹಿಂದೆ ಬಿದ್ದದ್ದಿಲ್ಲ. 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ 'ಕೈಟ್' ಎಂಬ ಸರಕಾರಿ ಕಂಪೆನಿಯಾಯಿತು. 2018ರಲ್ಲಿ ಹೈಟೆಕ್ ಶಾಲಾ ಯೋಜನೆ ಬಂತು. 8ರಿಂದ 12ರವರೆಗಿನ 45,000 ಕ್ಲಾಸ್‌ರೂಮುಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್. 2019ರಲ್ಲಿ ಸಣ್ಣ ಕ್ಲಾಸುಗಳಿರುವ ಶಾಲೆಗಳಿಗೂ ಹೈಟೆಕ್ ಲ್ಯಾಬ್ ಬಂತು. ಕೊರೋನಾ ಕಾಲದಲ್ಲಿ, 2020ರ ಜೂನ್ 1ರಂದು, ಕೈಟ್‌ನ ಶಿಕ್ಷಣ ಟಿವಿ ವಿಕ್ಟರ್ಸ್ ಚಾನೆಲ್‌ನಲ್ಲಿ 'ಫಸ್ಟ್ ಬೆಲ್' ತರಗತಿಗಳು ಶುರುವಾದವು. ಕನ್ನಡ ಪಾಠಗಳೂ ತಯಾರಾಗಿ ಯೂಟ್ಯೂಬಿಗೆ ಬಂದವು. ಅದೇ ವರ್ಷ ಅಕ್ಟೋಬರ್ 12ರಂದು ಸಾರ್ವಜನಿಕ ಶಿಕ್ಷಣದಲ್ಲಿ ಪೂರ್ತಿ ಡಿಜಿಟಲ್ ಆದ ಮೊದಲ ರಾಜ್ಯ ಎಂದು ಘೋಷಣೆಯೂ ಆಯಿತು. ಲ್ಯಾಪ್‌ಟಾಪುಗಳಲ್ಲಿ ಇರುವುದು ವಿಂಡೋಸ್ ಅಲ್ಲ, ಕೈಟ್‌ನ ಲಿನಕ್ಸ್. ಬರೆಯಲು ಲಿಬ್ರೆಆಫೀಸ್, ಗಣಿತಕ್ಕೆ ಜಿಯೋಜಿಬ್ರಾ, ಚಿತ್ರಕ್ಕೆ ಗಿಂಪ್ ಎಲ್ಲ ಅದರಲ್ಲೇ ಇರುತ್ತವೆ, ಕಾಸು ಕೊಡಬೇಕಾಗಿಲ್ಲ. ಅಧ್ಯಾಪಕರಿಗೆಂದೇ 'ಸಮಗ್ರ' ಎಂಬ ಪೋರ್ಟಲ್ ಇದೆ. ಪಾಠಯೋಜನೆ, ವಿಡಿಯೊ, ಪ್ರಶ್ನೆಗಳು ಅಲ್ಲಿ ಸಿಗುತ್ತವೆ.

ಹಾಗಾಗಿ ಈ ಶಾಲೆಯ ತೊಂದರೆ ಬಡತನದ್ದಲ್ಲ. ಸಾಮಾನು ಸಾಕಷ್ಟು ಇತ್ತು.

ಗಂಟು ಎಲ್ಲಿತ್ತು

ಒಂದು ಸಣ್ಣ ಗಂಟು ಪ್ರೊಜೆಕ್ಟರ್ ಹೊರತರುವ ವಿಧಿಯಲ್ಲೇ ಇತ್ತು. ಕಪಾಟಿನ ಕೀಲಿ ಎಚ್.ಎಂ. ಹತ್ತಿರ. ಸ್ಟಾಕ್ ರಿಜಿಸ್ಟರಿನಲ್ಲಿ ಸಹಿ. ಎಕ್ಸ್‌ಟೆನ್ಶನ್ ವೈರ್ ಬೇರೆ ಕಡೆ. ಕ್ಲಾಸಿಗೆ ತಂದರೆ ಕಿಟಕಿಯಿಂದ ಬೆಳಕು, ಗೋಡೆಯಲ್ಲಿ ಏನೂ ಕಾಣಿಸುವುದಿಲ್ಲ. ಎಲ್ಲ ಜೋಡಿಸಿ ಆಗುವಾಗ ಪೀರಿಯಡಿನ ಕಾಲು ಭಾಗ ಹೋಗಿರುತ್ತದೆ. ಹಾಳಾದರೆ ಯಾರು ಉತ್ತರ ಕೊಡುವುದು ಎಂಬ ಹೆದರಿಕೆ ಬೇರೆ. ಸರಕಾರಿ ಸಾಮಾನಿನ ಹೆದರಿಕೆ ಏನೆಂದು ಸರಕಾರಿ ಕೆಲಸ ಮಾಡಿದವರಿಗೇ ಗೊತ್ತು.

ಇದನ್ನು ಸುಲಭವಾಗಿ ಬಿಡಿಸಿದೆವು. ಒಂದು ಪ್ರೊಜೆಕ್ಟರನ್ನು ಏಳನೇ ಕ್ಲಾಸಿನ ರೂಮಿನಲ್ಲೇ ಕೂರಿಸಿದೆವು. ಬೇಕಾದವರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುವುದು. ಕಿಟಕಿಗೆ ಪರದೆ ಬೇಕಿತ್ತು. ಪಿ.ಟಿ.ಎ. ಅಧ್ಯಕ್ಷರು ಯಾವುದೋ ಜಾತ್ರೆಯ ಹಳೆ ಫ್ಲೆಕ್ಸ್ ತಂದು, ಮಗುಚಿ ಹಾಕಿ, ಹಗ್ಗ ಕಟ್ಟಿ ಕೊಟ್ಟರು. ಆ ಕ್ಲಾಸಿನ ಮೂರು ಮಕ್ಕಳಿಗೆ ಜೋಡಿಸುವ ಕೆಲಸ. ಬೆಲ್ ಆಗುವಾಗ ಅವರು ಸಿದ್ಧಮಾಡಿ ಇಟ್ಟಿರುತ್ತಾರೆ, ಅದೂ ನಮಗಿಂತ ಬೇಗ. ರಿಜಿಸ್ಟರಿನಲ್ಲಿ ವರ್ಷಕ್ಕೊಂದು ಸಹಿ ಸಾಕು ಎಂದು ಎಚ್.ಎಂ. ತಾನೇ ಬರೆದುಕೊಟ್ಟರು. ಆ ಒಂದು ಸಹಿ ಮಾಡಿದಷ್ಟು ಉಪಕಾರವನ್ನು ಎಷ್ಟೋ ತರಬೇತಿ ಮಾಡಿರಲಿಕ್ಕಿಲ್ಲ.

ದೊಡ್ಡ ಗಂಟು ಕನ್ನಡದ್ದು.

ರಜೆಯ ತರಬೇತಿ ನಡೆದದ್ದು ಮಲಯಾಳದಲ್ಲಿ. ಮಾತು ಎಲ್ಲರಿಗೂ ಗೊತ್ತು, ಅದರ ಬಗ್ಗೆ ದೂರಿಲ್ಲ. ಆದರೆ ಓದುವಾಗ, ಅದರಲ್ಲೂ ಪರದೆಯ ಮೇಲೆ ಬೇಗಬೇಗ ಓದುವಾಗ, ಕೆಲವರಿಗೆ ತಡೆಯುತ್ತದೆ. ಅಲ್ಲಿ ತಯಾರಿಸಿದ ಮಾದರಿ ಸ್ಲೈಡ್ ಮಲಯಾಳದ್ದು, ಶಾಲೆಗೆ ತಂದರೆ ಮಕ್ಕಳಿಗೆ ತೋರಿಸುವಂತಿಲ್ಲ. ಸಮಗ್ರದಲ್ಲಿ ಮಲಯಾಳದಲ್ಲಿ ಸಿಗುವಷ್ಟು ಸರಕು ಕನ್ನಡದಲ್ಲಿ ಸಿಗುವುದಿಲ್ಲ. ದೀಕ್ಷಾ ಎಂಬ ಕಲಿಕಾ ಪೋರ್ಟಲ್‌ನಲ್ಲಿರುವ ಕರ್ನಾಟಕದ ವಿಡಿಯೊ ಕನ್ನಡದ್ದೇ, ಆದರೆ ಪಠ್ಯ ಬೇರೆ, ಪಾಠದ ಕ್ರಮ ಬೇರೆ, ಕೆಲವೊಮ್ಮೆ ಪಾರಿಭಾಷಿಕ ಪದಗಳೂ ಬೇರೆ. ಮಕ್ಕಳು ಪುಸ್ತಕದಲ್ಲಿ ಒಂದು ಪದ ನೋಡಿ ವಿಡಿಯೊದಲ್ಲಿ ಇನ್ನೊಂದು ಕೇಳಿದರೆ ಮತ್ತೆ ಅದನ್ನೇ ಬಿಡಿಸಿ ಹೇಳಬೇಕು. ಒಟ್ಟಿನಲ್ಲಿ, ಕಾಸರಗೋಡಿನ ಕನ್ನಡ ಟೀಚರಿಗೆ ಸಿದ್ಧ ಅಡುಗೆ ಎಲ್ಲೂ ಇಲ್ಲ, ತಾನೇ ಮಾಡಿಕೊಳ್ಳಬೇಕು. ಹಾಗಾಗಿ ತಂತ್ರಜ್ಞಾನದ ಕೌಶಲ ಬೇರೆ ಕಡೆಯ ಅಧ್ಯಾಪಕರಿಗಿಂತ ಇವರಿಗೇ ಜಾಸ್ತಿ ಬೇಕು. ಕೊಡುವಾಗ ಮಾತ್ರ ಎಲ್ಲರಿಗೂ ಒಂದೇ ಅಳತೆ.

ತಾನೇ ಮಾಡಿಕೊಳ್ಳಲು ಹೊರಟವರೂ ಇದ್ದರು. ಸಮಾಜ ವಿಜ್ಞಾನದ ಮಾಸ್ಟ್ರು ವರ್ಷಗಟ್ಟಲೆ ಮನೆಯ ಕಂಪ್ಯೂಟರಿನಲ್ಲಿ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಟಿಪ್ಪಣಿ, ಪ್ರಶ್ನೆಪತ್ರಿಕೆ ಒಂದು ಪೆನ್‌ಡ್ರೈವ್ ತುಂಬ ಇತ್ತು. ಶಾಲೆಯ ಲ್ಯಾಪ್‌ಟಾಪಿಗೆ ಚುಚ್ಚಿದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಟೊಪ್ಪಿ, ಗೀಟು, ಚುಕ್ಕಿ ಇಟ್ಟಂತೆ ಸಾಲು ಸಾಲು. "ವೈರಸ್ ಬಂತು ಕಾಣ್ತದೆ" ಎಂದು ಅವರು ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡವರು ಮತ್ತೆ ತೆಗೆದೇ ಇರಲಿಲ್ಲ. ವೈರಸ್ ಏನೂ ಅಲ್ಲ. ನುಡಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿಕೊಂಡು ಕೆಲಸ ಮಾಡುತ್ತವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಬಟ್ಟೆ ಕಳಚಿದ ಹಾಗೆ ಒಳಗಿನ ಇಂಗ್ಲಿಷ್ ಕಾಣಿಸುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಇರುವ ಸಾಮಾನ್ಯ ಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ, ಹಾಗಾಗಿ ಯಾವ ಯಂತ್ರಕ್ಕೆ ಹೋದರೂ ಕನ್ನಡ ಕನ್ನಡವಾಗಿಯೇ ಇರುತ್ತದೆ.

ಇದನ್ನು ಹೇಳಿ, ಪರಿವರ್ತಕದಲ್ಲಿ ಹಾಕಿ ಅವರ ಫೈಲುಗಳನ್ನು ಯುನಿಕೋಡಿಗೆ ತಂದೆವು. ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ತಪ್ಪಿದವು, ಕೂತು ತಿದ್ದಬೇಕಾಯಿತು. ಆದರೆ ಸತ್ತೇಹೋಯಿತು ಎಂದುಕೊಂಡ ವರ್ಷಗಳ ಕೆಲಸ ಎದ್ದು ಬಂದದ್ದು ನೋಡಿ ಮಾಸ್ಟ್ರು ಆ ದಿನ ಎಲ್ಲರಿಗೂ ಗೋಳಿಬಜೆ ತರಿಸಿದರು. ಅಲ್ಲಿಂದ ನನ್ನ ಕೆಲಸ ಹಗುರವಾಯಿತು. ಅವರೇ ಉಳಿದವರನ್ನು ಎಳೆಯಲು ಶುರುಮಾಡಿದರು.

ಗುರುವಾರದ ಕೂಟ

ಕೇರಳದ ಶಾಲೆಗಳಲ್ಲಿ ಎಸ್.ಆರ್.ಜಿ. ಎಂಬ ಅಧ್ಯಾಪಕರ ಸಭೆ ವಾರವಾರ ನಡೆಯಬೇಕು. ಇಲ್ಲಿ ಅದು ಗುರುವಾರ, ಸಂಜೆ ನಾಲ್ಕರ ಬೆಲ್ ಆದ ಮೇಲೆ. ಸಾಮಾನ್ಯವಾಗಿ ಸುತ್ತೋಲೆ ಓದಿ, ಚಾ ಕುಡಿದು ಏಳುವ ಸಭೆ. ಅದರಲ್ಲಿ ಅರ್ಧ ಗಂಟೆ ಕೇಳಿಕೊಂಡೆ. ಬೇರೆ ದಿನ ಕೇಳಿದ್ದರೆ ಕೊಡುತ್ತಿದ್ದರೋ ಇಲ್ಲವೋ. ಕೊನೆಯ ಬಸ್ಸಿನ ಚಿಂತೆ ಎಲ್ಲರಿಗೂ ಇರುತ್ತದೆ.

ನಿಯಮ ಒಂದೇ: ಯಾರೂ ಸಾಫ್ಟ್‌ವೇರ್ ಕಲಿಸಬಾರದು. ಮುಂದಿನ ವಾರ ಮಾಡಬೇಕಾದ ಒಂದು ಪಾಠ ತರಬೇಕು. ಅದರಲ್ಲಿ ಮಕ್ಕಳಿಗೆ ಎಲ್ಲಿ ಕಷ್ಟ ಆಗುತ್ತದೆ ಎಂದು ಹೇಳಬೇಕು. ಆ ಕಷ್ಟಕ್ಕೆ ಪರದೆಯಿಂದ ಉಪಕಾರ ಇದೆಯೋ ಇಲ್ಲವೋ ನೋಡುವುದು. ಇಲ್ಲದಿದ್ದರೆ ಬಿಟ್ಟುಬಿಡುವುದು. ಇದ್ದರೆ ಅಷ್ಟಕ್ಕೆ ಬೇಕಾದ ಗುಂಡಿ ಮಾತ್ರ ಕಲಿಯುವುದು.

ಇದರಲ್ಲಿ ನನ್ನ ಬುದ್ಧಿ ಏನೂ ಇಲ್ಲ. 2006ರಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕರಾದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ ಇದನ್ನೇ ವಿವರವಾಗಿ ಬರೆದಿದ್ದಾರೆ: ವಿಷಯದ ತಿಳಿವಳಿಕೆ, ಕಲಿಸುವ ತಿಳಿವಳಿಕೆ, ತಂತ್ರಜ್ಞಾನದ ತಿಳಿವಳಿಕೆ ಬೇರೆ ಬೇರೆ ಇದ್ದರೆ ಸಾಲದು, ಮೂರೂ ಕೂಡುವ ಜಾಗದಲ್ಲಿ ಅಧ್ಯಾಪಕರ ಕೌಶಲ ಇರುತ್ತದೆ ಎಂದು. ಅದಕ್ಕೂ ಮೊದಲು, 1980ರ ದಶಕದಲ್ಲೇ, ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಇನ್ನೊಂದು ಮಾತು ಹೇಳಿದ್ದರು. ಬರೀ ಶಿಬಿರದಲ್ಲಿ ಕಲಿತದ್ದು ಕ್ಲಾಸಿನ ಒಳಗೆ ಹೋಗುವುದು ಕಡಿಮೆ, ಜೊತೆಗಾರರೊಬ್ಬರು ಕ್ಲಾಸಿಗೆ ಬಂದು ಕೂತು ನೋಡಿ ಮಾತಾಡಿದರೆ ಹೋಗುತ್ತದೆ ಎಂದು. ಇದು ಗೊತ್ತಾಗಿ ಇಷ್ಟು ವರ್ಷ ಆದರೂ ನಾವು ರಜೆಯ ಶಿಬಿರಗಳನ್ನೇ ನಂಬಿ ಕೂತಿದ್ದೇವೆ, ಅದು ಬೇರೆ ಮಾತು.

ಮೊದಲ ಗುರುವಾರಗಳಲ್ಲಿ ಟೈಪಿಂಗೇ ಎದುರಿಗೆ ಬಂತು. ಒಬ್ಬರಿಗೆ ನುಡಿಯ ಕೀಲಿಮಣೆ, ಒಬ್ಬರಿಗೆ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ರೂಢಿ, ಕೆಲವರಿಗೆ ಯಾವುದೂ ಇಲ್ಲ. ನುಡಿ ರೂಢಿ ಇದ್ದವರಿಗೆ ನುಡಿಗೆ ಮೂಲವಾದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಇದೆ ಎಂದು ತೋರಿಸಿದೆ, ಅವರ ಸಮಸ್ಯೆ ಅಲ್ಲಿಗೆ ಮುಗಿಯಿತು.

ಮಧ್ಯಾಹ್ನದ ಊಟದ ಲೆಕ್ಕ ನೋಡುವ ಟೀಚರ್ ಮೂಲೆಯಲ್ಲಿ ಸುಮ್ಮನೆ ಕೂತಿದ್ದರು. ನಿವೃತ್ತಿ ಹತ್ತಿರವಿದೆ. ಕಚೇರಿಗೆ ಹೋಗುವ ಮಲಯಾಳದ ಪತ್ರಗಳನ್ನೆಲ್ಲ ಅವರೇ ಟೈಪ್ ಮಾಡುವುದು. "ನನಗೆ ಕನ್ನಡ ಟೈಪಿಂಗ್ ಬರುದಿಲ್ಲ, ಇನ್ನು ಕಲಿಯುದೂ ಇಲ್ಲ" ಎಂದರು. "ಮಲಯಾಳ ಬರ್ತದಲ್ಲ ಟೀಚರ್, ನಿಮ್ಮ ಶಾಲೆಯ ಹೆಸರನ್ನೇ ಮಲಯಾಳದಲ್ಲಿ ಒತ್ತಿ ನೋಡುವ" ಎಂದೆ. ಒತ್ತುವ ಮೊದಲು ಪರದೆಯ ಮೂಲೆಯಲ್ಲಿ ಭಾಷೆಯನ್ನು ಕನ್ನಡ ಮಾಡಿದೆ. ಅವರು ಕೀಲಿಮಣೆ ನೋಡದೆ ಟಕಟಕ ಒತ್ತಿದರು. ಪರದೆಯಲ್ಲಿ ಬಂದದ್ದು ಕನ್ನಡ. ಕೈ ನಿಲ್ಲಿಸಿ ಪರದೆ ನೋಡಿದರು, ನನ್ನನ್ನು ನೋಡಿದರು. "ಇದೆಂತ ಮಾಡಿದ್ದು ನೀವು?"

ನಾನು ಮಾಡಿದ್ದು ಏನೂ ಇಲ್ಲ. ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನು ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚಿನಲ್ಲಿ ಮಾಡಿದ್ದಾರೆ. ಮಲಯಾಳದ ಕ ಎಲ್ಲಿದೆಯೋ ಕನ್ನಡದ ಕ ಅಲ್ಲೇ, ಇಂಗ್ಲಿಷಿನ ಕೆ ಕೀಲಿಯಲ್ಲಿ. ಸಿ ಒತ್ತಿದರೆ ಮ, ಎನ್ ಒತ್ತಿದರೆ ಲ, ಶಿಫ್ಟ್ ಹಿಡಿದು ಎನ್ ಒತ್ತಿದರೆ ಳ, ಎರಡು ಭಾಷೆಯಲ್ಲೂ. ಒತ್ತಕ್ಷರಕ್ಕೆ ಡಿ. ಎಲ್ಲವೂ ಹೀಗೆ ಹೊಂದುವುದಿಲ್ಲ. ಮಲಯಾಳದ ಚಿಲ್ಲಕ್ಷರಗಳು (ಸ್ವರವಿಲ್ಲದೆ ನಿಲ್ಲುವ ವ್ಯಂಜನಗಳ ಬೇರೆ ರೂಪ) ಕನ್ನಡದಲ್ಲಿಲ್ಲ, ಮಲಯಾಳದ ಗಡುಸು ರ ಇರುವ ಕಡೆ ಒತ್ತಿದರೆ ಹಳಗನ್ನಡದ ಱ ಬಂದು ಕೂರುತ್ತದೆ. ಅದನ್ನು ನೋಡಿ ಕನ್ನಡ ಪಂಡಿತರಾದ ಮಾಸ್ಟ್ರೊಬ್ಬರಿಗೆ ಭಾರೀ ಖುಷಿ. ಆದರೆ ನೂರಕ್ಕೆ ತೊಂಬತ್ತು ಪಾಲು ಬೆರಳು ಕಲಿತದ್ದೇ ಸಾಕು. ಆ ಟೀಚರ್ ಅವತ್ತು ಕೂತಲ್ಲೇ ಮೂರನೇ ಕ್ಲಾಸಿಗೆ ಒಂದು ಓದುವ ಹಾಳೆ ತಯಾರು ಮಾಡಿದರು. ಮತ್ತೆ ಇಬ್ಬರಿಗೆ ಹೇಳಿಕೊಟ್ಟರು.

ಈ ಕೌಶಲ ಅವರ ಬೆರಳಲ್ಲಿ ವರ್ಷಗಳಿಂದ ಇತ್ತು. ಭಾಷೆ ಬದಲಿಸುವ ಗುಂಡಿ ಎಲ್ಲಿದೆ ಎಂದು ಒಬ್ಬರೂ ತೋರಿಸಿರಲಿಲ್ಲ, ಅಷ್ಟೇ. ಕಾಸರಗೋಡಿನ ಕನ್ನಡ ಅಧ್ಯಾಪಕರ ತರಬೇತಿಯಲ್ಲಿ ಇದು ಮೊದಲ ಅರ್ಧ ಗಂಟೆಯಲ್ಲೇ ಬರಬೇಕಾದ ವಿಷಯ ಎಂದು ನನ್ನ ಅಭಿಪ್ರಾಯ.

ಕಳೆದುಹೋದ ಒಂದು ಡಿಗ್ರಿ

ಏಳನೇ ಕ್ಲಾಸಿನ ಗಣಿತ ಟೀಚರ್ ತಂದ ಪಾಠ ತ್ರಿಭುಜದ ಕೋನಗಳದ್ದು. ಮೂರು ಕೋನ ಸೇರಿದರೆ 180 ಡಿಗ್ರಿ. ಮಕ್ಕಳ ಕಷ್ಟ ಏನು ಎಂದು ಕೇಳಿದೆ. "ಕಷ್ಟ ಎಂತ ಇಲ್ಲ. 180 ಅಂತ ಹೇಳ್ತಾರೆ. ಆದರೆ ನಂಬುದಿಲ್ಲ" ಎಂದರು. ಒಳ್ಳೆ ಟೀಚರ್ ಮಾತ್ರ ಹೀಗೆ ಹೇಳಲು ಸಾಧ್ಯ. ಕೋನಮಾಪಕ ಇಟ್ಟು ಅಳೆದರೆ ಒಬ್ಬನಿಗೆ 178, ಇನ್ನೊಬ್ಬಳಿಗೆ 183. "ನಾನು ಅಳೆದದ್ದು ತಪ್ಪು" ಎಂದು ಮಕ್ಕಳು ಒಪ್ಪಿಕೊಂಡು ಉತ್ತರಕ್ಕೆ 180 ಬರೆದುಬಿಡುತ್ತಾರೆ.

ಜಿಯೋಜಿಬ್ರಾದಲ್ಲಿ ಒಂದು ತ್ರಿಭುಜ, ಅದರ ಮೂರು ಕೋನ. ಇಷ್ಟೇ ತಯಾರಿ. ದಶಮಾಂಶ ಬಂದರೆ ಮಕ್ಕಳಿಗೆ ಗೊಂದಲ ಆಗುತ್ತದೆಂದು ಟೀಚರ್ ಪೂರ್ಣಸಂಖ್ಯೆ ಮಾತ್ರ ಕಾಣುವ ಹಾಗೆ ಇಟ್ಟುಕೊಂಡರು. ನಾನು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತೆ.

ಒಬ್ಬೊಬ್ಬರೇ ಬಂದು ಮೌಸ್ ಹಿಡಿದು ಒಂದು ಮೂಲೆ ಎಳೆಯುವುದು, ಇನ್ನೊಬ್ಬರು ಬೋರ್ಡಿನಲ್ಲಿ ಮೂರು ಸಂಖ್ಯೆ ಬರೆದು ಕೂಡಿಸುವುದು. 52, 61, 67. 180. 48, 73, 59. 180. ಮಕ್ಕಳಿಗೆ ಆಟ. ಆಮೇಲೆ ಒಬ್ಬಳು ಎಳೆದಾಗ 60, 60, 59 ಬಂತು. ಬೋರ್ಡಿನಲ್ಲಿದ್ದ ಹುಡುಗ ಕೂಡಿಸಿದ. ಇನ್ನೊಮ್ಮೆ ಕೂಡಿಸಿದ. "ಟೀಚರ್, 179. ಒಂದು ಡಿಗ್ರಿ ಎಲ್ಲಿ ಹೋಯ್ತು?"

ಕ್ಲಾಸು ಒಂದೇ ಸಲ ಎದ್ದು ನಿಂತಿತು. ಕಂಪ್ಯೂಟರ್ ತಪ್ಪು ಎಂದು ಕೆಲವರು, ನೀನೇ ಕೂಡಿಸಿದ್ದು ತಪ್ಪು ಎಂದು ಕೆಲವರು. ಟೀಚರ್ ನನ್ನ ಕಡೆ ನೋಡಿದರು. ನಾನು ಬಾಯಿ ಬಿಡಲಿಲ್ಲ. ಒಂದು ಕ್ಷಣ ಯೋಚಿಸಿ ಅವರು ಸೆಟ್ಟಿಂಗ್ಸಿಗೆ ಹೋಗಿ ಎರಡು ದಶಮಾಂಶ ಸ್ಥಾನ ಕಾಣುವಂತೆ ಮಾಡಿದರು. 60.40, 60.35, 59.25. ಕೂಡಿಸಿದರೆ ಸರಿಯಾಗಿ 180. ಹತ್ತಿರದ ಪೂರ್ಣಸಂಖ್ಯೆಗೆ ಇಳಿಸುವಾಗ ಮೂರು ಕಡೆಯಿಂದಲೂ ಚೂರುಚೂರು ಬಿಟ್ಟುಹೋಗಿ ಒಂದು ಡಿಗ್ರಿ ಆಗಿತ್ತು. ಅಲ್ಲಿಗೆ ಬಿಟ್ಟರೆ ಮಕ್ಕಳಾ? "ಹಾಗಾದ್ರೆ ಎರಡು ಸ್ಥಾನ ಇಟ್ಟರೂ ತಪ್ಪಬಹುದಲ್ಲ?" ಎಂದು ಒಬ್ಬ. ಪೀರಿಯಡ್ ಮುಗಿಯುವವರೆಗೆ ಅವರು ಎಳೆದದ್ದೇ ಎಳೆದದ್ದು. ಕೊನೆಗೆ ಒಂದು 180.01 ಸಿಕ್ಕಿತು, ಬೊಬ್ಬೆಯೋ ಬೊಬ್ಬೆ.

ಆ ದಿನ ಪುಸ್ತಕದ ಪಾಠ ಮುಂದೆ ಹೋಗಲಿಲ್ಲ. ಆದರೆ ಅಳತೆಯ ತಪ್ಪು ಬೇರೆ, ಅಂದಾಜಿನ ತಪ್ಪು ಬೇರೆ ಎಂದು ಏಳನೇ ಕ್ಲಾಸಿನ ಮಕ್ಕಳು ಕಂಡುಕೊಂಡರು. ಕೋನಮಾಪಕ ಇದ್ದಾಗ ತಪ್ಪನ್ನು ತಮ್ಮ ಕೈ ಮೇಲೆ ಹಾಕಿಕೊಳ್ಳುತ್ತಿದ್ದವರು ಯಂತ್ರದ ಎದುರು ಹಾಗೆ ಮಾಡುವಂತಿರಲಿಲ್ಲ. ಟೀಚರ್ ಒತ್ತಿದ್ದು ಒಂದು ಸಣ್ಣ ಗುಂಡಿ. ಆದರೆ ಯಾವಾಗ ಒತ್ತಬೇಕು, ಒತ್ತುವ ಮೊದಲು ಮಕ್ಕಳನ್ನು ಎಷ್ಟು ಹೊತ್ತು ಜಗಳಾಡಲು ಬಿಡಬೇಕು ಎಂಬುದು ಅವರ ಇಷ್ಟು ವರ್ಷದ ಅನುಭವ. ಅದನ್ನು ಯಾವ ಶಿಬಿರವೂ ಕಲಿಸುವುದಿಲ್ಲ. ಕಲಿತದ್ದನ್ನು ಬಳಸಲು ಒಂದು ಅವಕಾಶ ಮಾತ್ರ ಅವರಿಗೆ ಬೇಕಿತ್ತು.

ಹಿಡಿಯದೆ ಹೋದದ್ದು

ಎಲ್ಲ ಹೀಗೆ ಚಂದ ನಡೆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂಬತ್ತರಲ್ಲಿ ಇಬ್ಬರು ಕೊನೆಯವರೆಗೂ ಪ್ರೊಜೆಕ್ಟರ್ ಕಡೆ ಬರಲಿಲ್ಲ. ಅವರಲ್ಲಿ ಒಬ್ಬರು ಒಂದನೇ ಕ್ಲಾಸಿನ ಟೀಚರ್. ಹುಣಸೆಬೀಜ, ತೆಂಗಿನ ಗರಿ, ಸೀಮೆಸುಣ್ಣ ಇಟ್ಟುಕೊಂಡು ಅವರು ಕಲಿಸುವುದನ್ನು ನೋಡಿದ ಮೇಲೆ ಬನ್ನಿ ಎಂದು ಒತ್ತಾಯಿಸುವ ಮನಸ್ಸು ನನಗೆ ಆಗಲಿಲ್ಲ. ಇನ್ನೊಬ್ಬರದ್ದು ಬರೀ ಉದಾಸೀನ.

ಕೃತಕ ಬುದ್ಧಿಮತ್ತೆಯನ್ನೂ ಸ್ವಲ್ಪ ಮುಟ್ಟಿ ನೋಡಿದೆವು. ಕೈಟ್ 2024ರ ಮೇ ತಿಂಗಳಿಂದ 8ರಿಂದ 12ರ ಸುಮಾರು 80,000 ಅಧ್ಯಾಪಕರಿಗೆ ಅದರ ತರಬೇತಿ ಶುರುಮಾಡಿತ್ತು. ಅಲ್ಲಿ ಹೋಗಿ ಬಂದ ಹೈಸ್ಕೂಲಿನ ಗೆಳೆಯರೊಬ್ಬರು ಒಂದು ಗುರುವಾರ ಬಂದು ತೋರಿಸಿದರು. ಮಲಯಾಳದ ಪಾಠಯೋಜನೆಯನ್ನು ಕನ್ನಡಕ್ಕೆ ತಿರುಗಿಸುವುದು, ಪ್ರಶ್ನೆ ಮಾಡಿಸುವುದು ಎಲ್ಲ ಆಯಿತು. ಕನ್ನಡ ಓದಲು ಚೆನ್ನಾಗಿಯೇ ಇತ್ತು. ಆದರೆ ಪಾರಿಭಾಷಿಕ ಪದಗಳು ನಮ್ಮ ಪುಸ್ತಕದ್ದಲ್ಲ, ಹತ್ತು ಪ್ರಶ್ನೆಯಲ್ಲಿ ಎರಡು ಮೂರು ಪಾಠದಲ್ಲೇ ಇಲ್ಲದ ವಿಷಯದ್ದು. ಪುಸ್ತಕ ಪಕ್ಕದಲ್ಲಿಟ್ಟು ಸಾಲು ಸಾಲು ನೋಡಿ ತಿದ್ದುವವರಿಗೆ ಸಮಯ ಉಳಿಯುತ್ತದೆ. ನೋಡದೆ ಪ್ರಿಂಟ್ ತೆಗೆಯುವವರ ಕೈಯಲ್ಲಿ ಅಪಾಯ. ಮಕ್ಕಳ ಹೆಸರು, ಅಂಕ, ಫೋಟೊ ಇಂಥ ಕಡೆ ಹಾಕಬಾರದು ಎಂದು ಎಚ್.ಎಂ. ಅವತ್ತೇ ನಿಯಮ ಮಾಡಿದರು, ಒಳ್ಳೆಯದಾಯಿತು.

ಧ್ವನಿಯಿಂದ ಟೈಪ್ ಮಾಡುವುದು ಮಾತ್ರ ನಿರೀಕ್ಷೆಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಮೊಬೈಲಿಗೆ ಕನ್ನಡದಲ್ಲಿ ಹೇಳಿ, ಬಂದದ್ದನ್ನು ಲ್ಯಾಪ್‌ಟಾಪಿಗೆ ಕಳಿಸಿ ತಿದ್ದುವುದು. ಪುಸ್ತಕದ ಕನ್ನಡದಲ್ಲಿ ಮಾತಾಡಿದರೆ ಸರಿ ಬರುತ್ತದೆ. ನಮ್ಮ ಊರಿನ ಕನ್ನಡ ಮಾತಾಡಿದರೆ ಅದಕ್ಕೆ ತೋಚಿದ್ದು ಬರೆಯುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋಗುವುದಂತೂ ಇದ್ದದ್ದೇ. ನೆಟ್ ನಂಬಿ ಕ್ಲಾಸಿಗೆ ಹೋಗಬಾರದು, ಬೇಕಾದ್ದನ್ನು ಹಿಂದಿನ ದಿನವೇ ಇಳಿಸಿಟ್ಟುಕೊಳ್ಳಬೇಕು ಎಂದು ಎರಡು ಸಲ ಪೆಟ್ಟು ತಿಂದ ಮೇಲೆ ರೂಢಿಯಾಯಿತು.

ನಿಜವಾದ ನಷ್ಟ ಆದದ್ದು ಬೇರೆ ಕಡೆ. ವಿಜ್ಞಾನ ಹೇಳುತ್ತಿದ್ದ ಚಿಕ್ಕ ಪ್ರಾಯದ ಟೀಚರ್ ದಿನಗೂಲಿ ನೇಮಕದವರು. ಪರದೆಯಲ್ಲೇ ಪ್ರಯೋಗ ಮಾಡಿಸುವ ಫೆಟ್ ಸಿಮ್ಯುಲೇಶನ್‌ಗಳಲ್ಲಿ ಕನ್ನಡದಲ್ಲಿ ಇರುವವನ್ನು ಹುಡುಕಿ ತೆಗೆದವರು ಅವರು. ವಿದ್ಯುತ್ ಮಂಡಲದ ಪಾಠಕ್ಕೆ ಮಕ್ಕಳು ಪರದೆಯಲ್ಲಿ ಬ್ಯಾಟರಿ, ಬಲ್ಬು ಜೋಡಿಸಿ, ಆಮೇಲೆ ಮೇಜಿನ ಮೇಲೆ ನಿಜವಾದ ವೈರಿನಲ್ಲಿ ಅದನ್ನೇ ಮಾಡಿದ್ದರು. ಪರದೆಯಲ್ಲಿ ಉರಿದ ಬಲ್ಬು ಮೇಜಿನಲ್ಲಿ ಉರಿಯಲಿಲ್ಲ, ವೈರಿನ ತುದಿ ಸಿಪ್ಪೆ ಸುಲಿದಿರಲಿಲ್ಲ. ಅದೂ ಒಂದು ಪಾಠವೇ ಆಯಿತು. ವರ್ಷದ ಮಧ್ಯೆ ಪಿ.ಎಸ್‌.ಸಿ. (ಲೋಕಸೇವಾ ಆಯೋಗ) ನೇಮಕ ಆಗಿ ಖಾಯಂ ಅಧ್ಯಾಪಕರು ಬಂದರು, ಇವರು ಹೋದರು. ನಿಯಮ ಹಾಗೆಯೇ ಇದೆ, ಯಾರನ್ನೂ ದೂರುವಂತಿಲ್ಲ. ಆದರೆ ಒಬ್ಬರನ್ನು ನಂಬಿದ ಕೌಶಲ ಅವರ ಜೊತೆಗೇ ಗೇಟು ದಾಟುತ್ತದೆ. ಗುರುವಾರದ ಕೂಟ ಇಲ್ಲದೆ ಹೋಗಿದ್ದರೆ ಅವರ ಕೆಲಸದ ಗುರುತೂ ಉಳಿಯುತ್ತಿರಲಿಲ್ಲ. ಅವರು ಮಾಡಿದ್ದೆಲ್ಲ ಶಾಲೆಯ ಒಂದೇ ಫೋಲ್ಡರಿನಲ್ಲಿ ಇತ್ತು, ಕ್ಲಾಸು, ವಿಷಯ, ಪಾಠ ಎಂಬ ಕ್ರಮದಲ್ಲಿ ಕನ್ನಡದಲ್ಲೇ ಹೆಸರು ಕೊಟ್ಟು. ಹೊಸಬರು ಬಂದ ಮರುವಾರವೇ ಅದನ್ನು ತೆರೆದು ಬಳಸಿದರು.

ಈಗ ಎಲ್ಲಿದೆ

ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿದ ಚೌಕಟ್ಟಿನಲ್ಲಿ ಅಧ್ಯಾಪಕರ ತಂತ್ರಜ್ಞಾನ ಕೌಶಲಕ್ಕೆ ಮೂರು ಹಂತ, 18 ಸಾಮರ್ಥ್ಯಗಳಿವೆ. ಮೊದಲು ತಿಳಿದುಕೊಳ್ಳುವುದು, ಆಮೇಲೆ ಆಳಕ್ಕೆ ಇಳಿಯುವುದು, ಕೊನೆಗೆ ತಾನೇ ಹೊಸದು ಸೃಷ್ಟಿಸುವುದು. ಅದರ ಪ್ರಕಾರ ಸೃಷ್ಟಿ ಕೊನೆಯ ಮೆಟ್ಟಿಲು. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಅದು ಮೊದಲನೇ ಮೆಟ್ಟಿಲೇ ಆಗಿಬಿಡುತ್ತದೆ, ಯಾಕೆಂದರೆ ಬಳಸಲು ಸಿದ್ಧವಾದದ್ದು ಇಲ್ಲ. ಈ ಶಾಲೆಯ ಅಧ್ಯಾಪಕರು ಮೊದಲ ಹಂತದ ಎಷ್ಟೋ ಗುಂಡಿಗಳನ್ನು ಇನ್ನೂ ಒತ್ತಿಲ್ಲ. ಆದರೆ ಕನ್ನಡದಲ್ಲಿ ತಮ್ಮದೇ ಹಾಳೆ, ಸ್ಲೈಡ್, ಪ್ರಶ್ನೆಪತ್ರಿಕೆ ಮಾಡುತ್ತಿದ್ದಾರೆ. ಯಾವ ಹಂತದಲ್ಲಿದ್ದಾರೆ ಎಂದು ಪಟ್ಟಿ ಹಿಡಿದು ಬಂದವರಿಗೆ ಗುರುತು ಹಾಕುವುದು ಕಷ್ಟ ಆದೀತು.

ಫೋಲ್ಡರನ್ನು ಈಗ ಹತ್ತಿರದ ಎರಡು ಕನ್ನಡ ಶಾಲೆಗಳೂ ಹಂಚಿಕೊಂಡಿವೆ. ಮಾಯಿಪ್ಪಾಡಿಯ ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಯಲ್ಲಿ) ಕನ್ನಡ ಅಧ್ಯಾಪಕರ ಸಭೆ ನಡೆಯುವಾಗ ಇದನ್ನು ಮುಂದಿಡಬೇಕು ಎಂದು ಎಚ್.ಎಂ. ಹೇಳುತ್ತಿದ್ದಾರೆ. ಒಂದು ಶಾಲೆ ಒಂದು ಕ್ಲಾಸಿನ ಒಂದು ವಿಷಯ ಹಿಡಿದರೂ ಮೂರು ಉಪಜಿಲ್ಲೆಗಳಲ್ಲಿ ಒಂದೆರಡು ವರ್ಷಕ್ಕೆ ಪೂರ್ತಿಯಾದೀತು ಎಂಬುದು ಅವರ ಲೆಕ್ಕ. ನನಗೆ ಅಷ್ಟು ಧೈರ್ಯ ಇಲ್ಲ, ಪದಗಳನ್ನು ಪುಸ್ತಕಕ್ಕೆ ಹೊಂದಿಸಿ ನೋಡುವ ಒಬ್ಬರಾದರೂ ಇರಬೇಕು, ಅವರಿಗೆ ಡ್ಯೂಟಿ ಕೊಡಬೇಕು. ಸದ್ಯಕ್ಕೆ ಫೋಲ್ಡರಿನಲ್ಲಿ ಏಳನೇ ಕ್ಲಾಸಿನ ಗಣಿತ ಮುಕ್ಕಾಲು ಪಾಲು, ಸಮಾಜ ವಿಜ್ಞಾನ ಪೂರ್ತಿ, ವಿಜ್ಞಾನ ಅರ್ಧ ಇದೆ. ಐದನೇ ಕ್ಲಾಸಿನ ವಿಜ್ಞಾನದ ಜಾಗ ಖಾಲಿ. ಹೊಸ ಟೀಚರ್ ಅದನ್ನು ಈ ಗುರುವಾರದಿಂದ ಶುರು ಮಾಡುತ್ತೇನೆ ಎಂದಿದ್ದಾರೆ. ಅವರಿಗೆ ಬರುವುದು ಮಲಯಾಳ ಟೈಪಿಂಗ್.